ಒಂದು ಲೀಟರ್ ನೀಲಿ

ಸಾಲಿ ಗ್ವಾಡಿ ಮ್ಯಾಲ ಜಗತ್ತು ಬರೀಬೇಕು ಅಂದ್ರು ಅಕ್ಕೋರು.
ಉದ್ದ ಹನ್ನೆರಡು ಫೂಟು, ಎತ್ತರ ಏಳು.
ಗ್ರಾಂಟಿನಾಗ ಬಂದದ್ದು ಹಸರು ಎರಡು ಲೀಟರ್, ಹಳದಿ ಒಂದು,
ನೀಲಿ ಒಂದ.
“ಜಗತ್ತಿನಾಗ ನೀರ ಹೆಚ್ಚಲ್ರೀ ಅಕ್ಕೋರ?”
“ಹೌದು ದಸ್ತಗೀರಸಾಬ್ರ, ಬಿಲ್ ಪಾಸಾಗಿದ್ದು ಇಷ್ಟ.”

ಸಾಗರಕ್ಕ ಸುಣ್ಣದಾಗ ಅರಬಿ ನೀಲಿ ಕಲಸಿ ಹೊಡದೆ,
ಹತ್ರ ಬಂದು ಯಾರೂ ನೋಡೂದಿಲ್ಲ ಅದನ್ನ.
ಡಬ್ಬಿ ನೀಲಿ, ಖರೇ ನೀಲಿ,
ಕೆರಿಗೊಳಿಗೆ ಇಟಗೊಂಡೆ.

ಮೊದಲು ಕ್ಯಾಸ್ಪಿಯನ್.
ಹೆಸರು ಸಮುದ್ರ, ಜಾತಿ ಕೆರಿ, ಅಂದ್ರು ಅಕ್ಕೋರು,
ಸುತ್ತ ನೆಲ, ಹೊರಗ ಹೋಗಾಕ ದಾರಿಲ್ಲ, ನೀರು ಉಪ್ಪು.
ಐದು ದೇಶ ದಂಡಿಗೆ ಕುಂತಾವಂತ,
ಒಂದ ಪರಾತದ ಸುತ್ತ ಉಣ್ಣಾಕ ಕುಂತ
ಮಾತು ಬಿಟ್ಟ ಅಣ್ಣತಮ್ಮರಂಗ.
ಕಾಲು ಡಬ್ಬಿ ಅದೊಂದ ಕುಡೀತು.

ಅಮೆರಿಕಾದ ನೆತ್ತಿ ಮ್ಯಾಲ ಐದು, ಒಂದಕ್ಕೊಂದು ಹೊಂದಿ,
ಬಂಡಿಯಿಂದ ಚೆಲ್ಲಿದ ಬದನಿಕಾಯಿ.
ಆರನೇತ್ತೆ ಮುದುಕಪ್ಪ ಏಣಿ ಹಿಡದು ನಿಂತಾವ
ಒಂದ ದಮ್ಮಿನಾಗ ಒದರಿದ:
ಸುಪೀರಿಯರ್, ವಿಕ್ಟೋರಿಯಾ, ಹ್ಯೂರಾನ್, ಮಿಶಿಗನ್, ಟ್ಯಾಂಗನೀಕಾ...
ಈಜು ಬರತೈತೇನಲೇ, ಅಂದೆ.
ಇಲ್ರಿ, ಅಂದ.

ಬೈಕಲಿಗೆ ತಡಾತು.
ನೋಡಾಕ ಒಂದು ಬ್ಯಾಡಗಿ ಮೆಣಸಿನಕಾಯಿ, ವಾರೆ.
ಆಳ ಮೈಲಿಗೂ ಮಿಕ್ಕಿ;
ಜಗತ್ತಿನ ಸಿಹಿನೀರು ಐದು ಪಾಲು ಮಾಡಿದ್ರ
ಹತ್ತಿರ ಹತ್ತಿರ ಒಂದು ಪಾಲು ಅಲ್ಲೇ ಐತಂತ.
“ಆಳ ಹೆಂಗ ಬರೀಲ್ರೀ ಅಕ್ಕೋರ? ಗ್ವಾಡಿ ಸಪಾಟ ಐತಿ.”
ಅವರು ಚಾಕ್ ಹಿಡಕೊಂಡು ಸುಮ್ಮನ ನಿಂತ್ರು.
ಅದಕೊಂದಕ್ಕ ಎರಡು ಕೋಟ್ ಕೊಟ್ಟೆ.

ಆಮ್ಯಾಲ ಆರಾಲ್.
ಹಳೇ ನಕಾಶೆದಾಗ ಅಂಗೈಯಷ್ಟು.
“ಅದು ಬ್ಯಾಡ್ರಿ, ಬತ್ತೇತಿ. ಹೊಳಿ ಎರಡೂ
ಹತ್ತಿ ಹೊಲಕ್ಕ ತಿರಿವಿದ್ರು.
ಹಡಗ ಉಸುಕಿನಾಗ ನಿಂತಾವ,
ದಂಡಿ ಊರಾಗ ನಿಂತ್ರ ನೀರು ಕಾಣೂದಿಲ್ಲ.”
ನಾ ಏಣಿ ಮ್ಯಾಲ ಹಂಗ ಕುಂತೆ.

ಕಿಲ್ಲಾದಾಗಿತ್ತು ನಮ್ಮನಿ, ಹಳೇ ಬಾಗಲಕೋಟ್ಯಾಗ.
ಮುಳುಗಡೆ ಸರ್ವೇಕ್ಕ ಮನಿ ಮನಿಗೆ ನಂಬರ್ ಬರದಾವ ನಾನ,
ನಂಬರಿಗೆ ಒಂದು ರೂಪಾಯಿ, ಕೆಂಪು ಬಣ್ಣ.
ಪತ್ತಾರ ಈರಣ್ಣನ ಅಂಗಡಿ, ನೇಕಾರರ ಸಾಲು,
ಬಾವಿ ಮಗ್ಗಲ ದರ್ಜಿ ಮನಿ,
ನಮ್ಮಪ್ಪನ ಕದಕ್ಕ ೧೧೪೩.
ಅಪ್ಪ ಹೊರಗ ಬಂದು ನೋಡಿ
“ಮೂರು ಸೊಟ್ಟ ಆಗೇತಿ” ಅಂದ. ಅಷ್ಟ.
ಒರಿಸಿ ಮತ್ತ ಬರದೆ.

ಅಲ್ಲಿ ನೀರು ಎದ್ದು ಹೋತು, ಮಂದಿ ಕುಂತಲ್ಲೇ ಕುಂತ್ರು.
ನಾವು ಸೆಕ್ಟರ್ ಇಪ್ಪತ್ನಾಕಕ್ಕ ಬಂದಿವಿ,
ಸಾಮಾನು ಟ್ರಕ್ಕಿನಾಗ, ಕದ ಸುದ್ದಾ ಕಿತಗೊಂಡು.
ನಂಬರ್ ಇನ್ನೂ ಐತಿ ಅದರ ಮ್ಯಾಲ,
ಮೂರು ನೆಟ್ಟಗ.

“ನಮ್ಮ ಹಿನ್ನೀರು ಎಲ್ಲೈತ್ರೀ ಕಾಕಾ?” ಸಾವಂತ್ರಿ ಕೇಳಿದ್ಲು.
“ಅದು ಡ್ಯಾಮಿನ ನೀರಬೇ, ಪಟ್ಟ್ಯಾಗ ಬರೂದಿಲ್ಲ” ಅಂದ ಮುದುಕಪ್ಪ.
ಅಳತಿ ಹಾಕಿ ನೋಡಿದೆ.
ಈ ಜಗತ್ತಿನಾಗ ಅದು
ಬ್ರಶ್ಶಿನ ಒಂದು ಕೂದಲ ತುದಿಗೂ ಸಣ್ಣದು.
ನಾ ನಡದಾಡಿದ ಓಣಿ ಎಲ್ಲಾ ಅದರಾಗ ಅದಾವ,
ಬ್ಯಾಸಗ್ಯಾಗ ನೀರಿಳದ್ರ ಗ್ವಾಡಿ ತಲಿ ಎತ್ತತಾವ,
ಕೊಕ್ಕರಿ ಬಂದು ಕುಂದರತಾವ.
“ಇಲ್ಲೈತಿ ನೋಡವಾ” ಅಂತ ಉಗುರು ಊರಿ ತೋರಿಸಿದೆ.
ಉಗುರಿನಾಗ ಇದ್ದ ನೀಲಿ ಅಲ್ಲೇ ಹತ್ತಿತು.
ಒರಸಲಿಲ್ಲ.

ಸಂಜೀಕ ಬ್ರಶ್ ತೊಳದ ತೆಳು ನೀಲಿ
ಆರಾಲಿಗೆ ಬಳದೆ, ಇದ್ದಷ್ಟು ಅಗಲಕ್ಕ.
ಅಕ್ಕೋರು ನೋಡಿ
“ಸಾಹೇಬ್ರು ಬಂದು ಕೇಳಿದ್ರ ನೀವ ಹೇಳ್ರಿ” ಅಂದ್ರು.

ಡಬ್ಬಿ ತಳದಾಗ ಚೂರು ಉಳದೇತಿ, ಮನೀಗೆ ತಂದೀನಿ.
ಡ್ಯಾಮ್ ಇನ್ನ ಎತ್ತರಸ್ತಾರಂತ ಚಾದಂಗಡ್ಯಾಗ ಸುದ್ದಿ.
ನಂಬರ್ ಬರಿಯಾಕ ಯಾರರ ಬಂದು ಕರೀಬಹುದು.
ಕೆಂಪು ಮಾತ್ರ
ನಾ ಮನ್ಯಾಗ ಇಟಗೊಂಡಿಲ್ಲ.