ಉರ್ಬೆಸ್ ಟೊಮೇಟೊ ತುರಿದ ದಿನ

ಅಂಜೂರದ ಏಣಿ ಜಾರಿ ನನ್ನ ಬಲಗೈ ಮುರಿದು
ಇವತ್ತಿಗೆ ಹತ್ತೊಂಬತ್ತು ದಿನ.
ಬಾರ್ಬಾಸ್ತ್ರೋದ ಡಾಕ್ಟರು
ಮೊಣಕೈವರೆಗೆ ಗೋಡೆ ಕಟ್ಟಿ, ಸುಣ್ಣ ಬಳಿದು ಕಳಿಸಿದ್ದಾರೆ.
ಒಳಗೆ ನವೆ. ಹೊರಗೆ ಆಗಸ್ಟ್.
ಹಿತ್ತಲಲ್ಲಿ ಟೊಮೇಟೊ ಯಾರಿಗೂ ಕಾಯುವುದಿಲ್ಲ.

ಹಾಗಾಗಿ ನಾನು ಕುರ್ಚಿಯಲ್ಲಿ,
ಉರ್ಬೆಸ್ ಅಡುಗೆಕಟ್ಟೆಯ ಮುಂದೆ.
ಮೂವತ್ತೆಂಟು ವರ್ಷ ಈ ಕಣಿವೆಗೆ ಟಪಾಲು ಹಂಚಿದವನು,
ಯಾರ ಮನೆಯ ಬಾಗಿಲು ಒಳಗೆ ತೆರೆಯುತ್ತದೆ,
ಯಾರ ನಾಯಿ ಕಚ್ಚುತ್ತದೆ, ಎಲ್ಲಾ ಬಲ್ಲವನು,
ತನ್ನ ಮನೆಯ ತುರಿಮಣೆ ಎಲ್ಲಿದೆ ಎಂದು ಕೇಳುತ್ತಾನೆ.

"ಬೆಳ್ಳುಳ್ಳಿ ಎಷ್ಟು ಗ್ರಾಂ, ಒರೋಸಿಯಾ?"
ಗ್ರಾಂ ಅಂತೆ!
ಹಳೇ ಅಂಚೆ ತಕ್ಕಡಿ ಇನ್ನೂ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ.
ಒಂದು ಎಸಳು ಅದರ ಮೇಲಿಟ್ಟು
ಎಷ್ಟು ಸ್ಟಾಂಪು ಹಚ್ಚಲಿ ಎಂಬಂತೆ ಕೂತಿದ್ದ.

ದೊಡ್ಡದನ್ನು ಆರಿಸು, ಎಂದೆ.
ಅಂಗಡಿಯಲ್ಲಿ ಯಾರೂ ಮುಟ್ಟದಂಥದ್ದನ್ನು:
ತೊಟ್ಟಿನ ಸುತ್ತ ಬಿರುಕು, ಮೈ ಸೊಟ್ಟ,
ಬಣ್ಣ ಕೆಂಪಲ್ಲ,
ಬಿಸಿಲಲ್ಲಿ ನಡೆದು ಬಂದವರ ಕೆನ್ನೆ.
ಕೊಯ್ಯಿ. ಉದ್ದಕ್ಕಲ್ಲ, ಅಡ್ಡಕ್ಕೆ.
ಕೊಯ್ದ ಮುಖ ತುರಿಮಣೆಗೆ, ಬೆನ್ನು ಅಂಗೈಗೆ.
ಒತ್ತು.
ಅಷ್ಟಲ್ಲ ಮಾರಾಯಾ, ಠಸ್ಸೆ ಹೊಡೆಯುತ್ತಿಲ್ಲ ನೀನು.

ಜರ್ರ್ ಜರ್ರ್ ಎಂದು ತಿರುಳು ಬಟ್ಟಲಿಗಿಳಿಯಿತು.
ಬೀಜ, ರಸ, ಅಡುಗೆಮನೆ ತುಂಬ ಹಸಿರು ಗಿಡದ ವಾಸನೆ.
ಕೊನೆಗೆ ಅವನ ಅಂಗೈಯಲ್ಲಿ ತೆಳ್ಳನೆ ಸಿಪ್ಪೆಯೊಂದೇ.
ಹಿಂದೆ ಮುಂದೆ ತಿರುಗಿಸಿ ನೋಡಿದ,
ವಿಳಾಸ ಅಳಿಸಿಹೋದ ಲಕೋಟೆಯನ್ನು ನೋಡುವ ಹಾಗೆ.

ವಿನೆಗರ್ ಎಷ್ಟು?
ಮೂಗು ಹೇಳುವಷ್ಟು.
ಎಣ್ಣೆ?
ನೂಲಿನ ಹಾಗೆ ಬಿಡು, ಸಾಕೆಂದಾಗ ನಿಲ್ಲಿಸು.
"ಸಾಕೆಂದು ಹೇಳುವವರು ಯಾರು?"

ಬಾಯಿ ತೆರೆದೆ. ಉತ್ತರ ಇರಲಿಲ್ಲ.
ಇಷ್ಟು ವರ್ಷ ಸಾಕೆಂದದ್ದು ನಾನಲ್ಲವಲ್ಲ,
ಈ ಕೈ.
ಹದ ಗೊತ್ತಿದ್ದದ್ದು ಅದಕ್ಕೆ. ನನಗೆ ಬರೀ ಅದರ ಹೆಸರು ಗೊತ್ತಿತ್ತು.
ಎಣ್ಣೆ ಬೀಳುತ್ತಿತ್ತು, ಹೊಂಬಣ್ಣ, ಸದ್ದಿಲ್ಲದೆ,
ನೋಡುತ್ತಾ ಕೂತೆ,
ಪಟ್ಟಿಯ ತುದಿಯಲ್ಲಿ ಕಿರುಬೆರಳು ತಾನಾಗಿ ಮಡಿಚಿತು.
"ಈಗ ನಿಲ್ಲಿಸು," ಎಂದೆ.

ಜಾಮಿನ ಬಾಟಲಿಗೆ ಸುರಿದು ಕುಲುಕು ಎಂದಿದ್ದೆ.
ಮುಚ್ಚಳ ತಿರುಗಿಸು ಎಂದಿರಲಿಲ್ಲ.
ಅಂಗಿ, ಗೋಡೆ, ಕ್ಯಾಲೆಂಡರಿನ ಸಂತನ ಗಡ್ಡ,
ಇಡೀ ಸೆಪ್ಟೆಂಬರಿಗೆ ಮುಂಚಿತವಾಗಿ ಟೊಮೇಟೊ.
ನಕ್ಕು ನಕ್ಕು ನನ್ನ ಮುರಿದ ಎಲುಬು ನೊಂದಿತು.

ಉಳಿದದ್ದನ್ನು ಲೆಟ್ಯೂಸಿನ ಮೇಲೆ, ಈರುಳ್ಳಿಯ ಮೇಲೆ,
ನಿನ್ನೆ ಬೇಯಿಸಿದ ಆಲೂಗಡ್ಡೆಯ ಮೇಲೆ ಹೊಯ್ದು
ನನ್ನ ಮುಂದಿಟ್ಟ.
ಎಡಗೈಯಲ್ಲಿ ಫೋರ್ಕು, ಮಗುವಿನಂತೆ ಹಿಡಿದು ತಿಂದೆ.
ಬೆಳ್ಳುಳ್ಳಿ ಜಾಸ್ತಿ.
ವಿನೆಗರ್ ಮುಂದೆ ಓಡುತ್ತಿತ್ತು,
ಎಣ್ಣೆ ಏದುಸಿರು ಬಿಡುತ್ತಾ ಹಿಂದೆ.

ಆದರೂ, ಇದನ್ನು ಹೇಗೆ ಹೇಳಲಿ,
ಅರೆಯುವಾಗ, ತುರಿಯುವಾಗ, ನಾಲಿಗೆ ತುದಿಗೆ ಹಚ್ಚಿ ನೋಡುವಾಗ
ಮೂಗೂ ಬಾಯಿಯೂ ತುಂಬಿಹೋಗಿ,
ಊಟದ ಹೊತ್ತಿಗೆ ನನ್ನ ತಟ್ಟೆ ಯಾವತ್ತೂ ಹಳೇ ಸುದ್ದಿ.
ಇವತ್ತು ಮೊದಲ ತುತ್ತು ಬಾಯಿಗಿಡುವವರೆಗೆ
ನನಗೆ ಏನೂ ಗೊತ್ತಿರಲಿಲ್ಲ.

ಎದುರಿಗೆ ಅವನು, ಗಡ್ಡದಲ್ಲೊಂದು ಬೀಜ,
ತಿನ್ನದೆ ಕಾಯುತ್ತಿದ್ದ.
"ಉಪ್ಪು?"
ಒಂದು ಚಿಟಿಕೆ ಕಮ್ಮಿ, ಎಂದೆ.
ಉಪ್ಪು ಸರಿಯಾಗಿಯೇ ಇತ್ತು.
ಏನಾದರೂ ಅನ್ನಬೇಕಲ್ಲ.

ಎದ್ದು ಹೋಗಿ ಡೈರಿಯಲ್ಲಿ ಬರೆದುಕೊಂಡ:
ಉಪ್ಪು ಆರು ಗ್ರಾಂ, ಒರೋಸಿಯಾ ಪ್ರಕಾರ ಏಳು.
ಬಂದು ಕೂತು, ರೊಟ್ಟಿ ಮುರಿದು,
ಬಟ್ಟಲನ್ನು ತಳದವರೆಗೆ ಒರೆಸಿ ತಿಂದ,
ತೂಕ ನೋಡದೆ,
ಅರ್ಧ ನನ್ನ ಕಡೆ ಚಾಚಿ.