ಮೂರನೆಯದು

ಕಪ್ಪು ಮೂತಿಯ ಕುರಿ ನಡುರಾತ್ರಿ ಮೂರು ಮರಿ ಹಾಕಿತು.
ಮೊಲೆ ಎರಡೇ.
ಲೆಕ್ಕವೇ ಹಾಗಿದೆ, ಕುರಿಯ ತಪ್ಪೇನಿಲ್ಲ.
ಒಣಹುಲ್ಲಿನ ಮೇಲೆ ಒದ್ದೆ ಚೀಲದಂತೆ ಬಿದ್ದಿದ್ದ ಮೂರನೆಯದನ್ನು
ವಿಲ್ನಿಸ್ ಅಂಗಿಯೊಳಗೆ ತುರುಕಿಕೊಂಡು ತಂದ,
ಒಲೆಯ ಪಕ್ಕದ ರಟ್ಟಿನ ಡಬ್ಬಿಯಲ್ಲಿಟ್ಟ,
ಏನೂ ಹೇಳದೆ ಬೂಟು ಮೆಟ್ಟಿ ಹೊರಟ.
ನನ್ನ ಗಂಡ ಮಾತು ಉಳಿಸುತ್ತಾನೆ,
ಹಳೆಯ ಮೊಳೆ ಉಳಿಸುವ ಹಾಗೆ:
ಸೊಟ್ಟಗಾದದ್ದನ್ನೂ ಬಡಿದು ನೇರ ಮಾಡಿ
ಜೇಬಿಗಿಳಿಸಿ.

ಲಾಟ್ವಿಯಾದ ಈ ಮೂಲೆಯಲ್ಲಿ, ಗೌಯಾ ನದಿಯ ಬದಿಗೆ,
ಏಪ್ರಿಲ್ ಎಂದರೆ ಕೆಸರು.
ಕೈ ಕೆಸರು, ಕಾಲು ಕೆಸರು, ಹೊಸಿಲು ಕೆಸರು, ನಾಯಿಯ ಹೊಟ್ಟೆ ಕೆಸರು;
ಬಾಯಿಗೆ ಮೊಸರು ಬರಲು ಹಸು ಇನ್ನೂ ಈಯಬೇಕು.
ಬರ್ಚ್ ಮರಕ್ಕೆ ತೂತು ಕೊರೆದು ಕಟ್ಟಿದ ಬಕೆಟ್ಟಿಗೆ
ತೊಟ್ಟು, ತೊಟ್ಟು,
ಮತ್ತೆ ಬಹಳ ಹೊತ್ತಿಗೆ ಒಂದು ತೊಟ್ಟು.
ಶಾಲೆಯಿಂದ ಬಂದವಳೇ ದಾರ್ತಾ ಅದಕ್ಕೆ ಬಾಯೊಡ್ಡುತ್ತಾಳೆ.
"ರುಚಿ ಹೇಗಿದೆಯೇ?"
"ಯಾರೋ ಸಕ್ಕರೆ ಚಮಚ ತೊಳೆದ ನೀರು."

ಮನೆಯಲ್ಲೊಂದು ನಿಯಮ, ಅತ್ತೆ ವೆಲ್ತಾ ಮಾಡಿದ್ದು:
ಮಾಂಸಕ್ಕೆ ಹೋಗುವುದಕ್ಕೆ ಹೆಸರಿಡಬಾರದು.
ಹೆಣ್ಣಾದರೆ ಹೆಸರು. ಗಂಡಾದರೆ ಕಿವಿಗೊಂದು ಹಳದಿ ಬಿಲ್ಲೆ.
ಇದು ಗಂಡು.
ದಾರ್ತಾ ಹೆಸರಿಡಲಿಲ್ಲ.
ಮೊದಲು ಗಿಣ್ಣು, ಆಮೇಲೆ ಮೇಕೆಹಾಲು,
ದಿನಕ್ಕೆ ಐದು ಸಲ ಬಾಟಲಿ ಹಿಡಿದು
"ಮೂರನೆಯದೇ, ಬಾ. ಮೂರನೆಯದೇ, ನಿಲ್ಲು" ಅಂದಳು.
ವಾರದೊಳಗೆ ಆ ಸದ್ದಿಗೆ ಅದು ಕಿವಿ ತಿರುಗಿಸಿತು.
ನಿಯಮವೇನೂ ಮುರಿದಿರಲಿಲ್ಲ.
ಅತ್ತೆ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದರು.

ಕಿಟಕಿಯ ಹಲಗೆಯ ಮೇಲೆ ಅತ್ತೆಯ ಟೊಮೇಟೊ ಸಸಿ,
ಮೊಸರಿನ ಖಾಲಿ ಲೋಟಗಳಲ್ಲಿ ನಲವತ್ತೊಂದು.
ಮಾರ್ಚಿಯ ಮೊದಲಲ್ಲಿ, ಹೊರಗೆ ಮೊಣಕಾಲುದ್ದ ಹಿಮವಿದ್ದಾಗ ಬಿತ್ತಿದ್ದು.
ದಿನಾ ಬೆಳಿಗ್ಗೆ ಲೋಟಗಳನ್ನು ಅರ್ಧ ಸುತ್ತು ತಿರುಗಿಸುತ್ತಾರೆ,
ಬೆಳಕಿನ ಕಡೆಗೇ ವಾಲಿ ವಾಲಿ ಬೆನ್ನು ಗೂನಾಗಬಾರದೆಂದು.
ಬೀಜ ಅವರ ತಾಯಿಯದು. ಆ ತಾಯಿಗೆ ಯಾರು ಕೊಟ್ಟರೋ.
ವಾಲ್ಮಿಯೆರಾದ ಸಂತೆಯಲ್ಲೂ ಸಿಗದ,
ಹೊಟ್ಟೆ ಬಿರಿದ, ನಸುಗೆಂಪು ಜಾತಿ.

ಶನಿವಾರ ನಾವೆಲ್ಲ ನೆಲಮಾಳಿಗೆಯಲ್ಲಿದ್ದೆವು.
ಕಣ್ಣೊಡೆದ ಆಲೂಗಡ್ಡೆ ಬಿತ್ತನೆಯ ಬುಟ್ಟಿಗೆ,
ಸುಕ್ಕಾದದ್ದು ಹಂದಿಯ ಹಂಡೆಗೆ.
ತಲೆಯ ಮೇಲೆ ಗೊರಸಿನ ಸದ್ದು,
ಆಮೇಲೆ ಒಂದೊಂದೇ ಲೋಟ ಉರುಳುವ ಸದ್ದು.

ಮೊದಲು ಮೇಲೆ ಓಡಿದವರು ಅತ್ತೆ, ಎಪ್ಪತ್ತೆಂಟರ ಮಂಡಿಯಲ್ಲಿ.
ಬೆಂಚಿನ ಮೇಲೆ ನಿಂತಿತ್ತು ಮೂರನೆಯದು,
ಗಡ್ಡದಂತೆ ಸಸಿ ಜೋತುಬಿದ್ದ ಬಾಯಿ.
ಬೈಗುಳಕ್ಕೆ ಕಾದು ನಿಂತೆವು.
ಅವರು ಅದರ ದವಡೆ ಬಿಡಿಸಿ, ಎರಡು ಬೆರಳು ತೂರಿಸಿ,
ಎಲೆ ಎಳೆಯತೊಡಗಿದರು.
"ಟೊಮೇಟೊ ಎಲೆ ವಿಷ ಕಣೋ, ಮಂಗ, ವಿಷ,
ಉಗಿ, ಉಗಿ ಅಂದರೆ!"
ತಾಯಿಯ ಬೀಜದ ಸೊಪ್ಪು ಮುದ್ದೆಮುದ್ದೆಯಾಗಿ
ಅವರ ಲಂಗದ ಮೇಲೆ ಬಿತ್ತು.

ಆ ರಾತ್ರಿ ಒಲೆ ಆರಲಿಲ್ಲ.
ಎರಡು ಗಂಟೆಗೆ ನಾನು ಕುರಿಮನೆಗೆ ಹೋಗುವಾಗಲೂ
ಅತ್ತೆ ಕುರ್ಚಿಯಲ್ಲಿ ಕೂತು ಅದರ ಹೊಟ್ಟೆ ನೀವುತ್ತಿದ್ದರು,
ಗಂಟೆಗೊಮ್ಮೆ ಒಂದು ಚಮಚ ನೀರು.
ನನ್ನ ಕಂಡು ಕೈ ಹಿಂದೆಗೆದುಕೊಂಡರು.
ಬೆಳಗಾಗುವಾಗ ಅದು ನೆಲದ ಮೇಲೆಲ್ಲ ಹಿಕ್ಕೆ ಹಾಕಿತು.
ಇಷ್ಟು ಸಂತೋಷದಿಂದ ನಾನು ಯಾವ ನೆಲವನ್ನೂ ಒರೆಸಿಲ್ಲ.

ವಿಲ್ನಿಸ್ ಕಿಟಕಿಗೆ ಅಡ್ಡಪಟ್ಟಿ ಹೊಡೆದ.
ಮೂರು ಲೋಟ ಉಳಿದಿದ್ದವು.
ಬೆಂಕಿಪೊಟ್ಟಣದ ತಳದಿಂದ ಅತ್ತೆ ಹನ್ನೆರಡು ಬೀಜ ಎಣಿಸಿ ತೆಗೆದರು.
ಈಗ ಬಿತ್ತಿದರೆ ಹಣ್ಣಾಗುವುದು ಹಿಮ ಬೀಳುವ ಹೊತ್ತಿಗೆ;
ಹಸಿರಾಗಿಯೇ ಕಿತ್ತು ಉಪ್ಪಿಗೆ ಹಾಕಬೇಕಾದೀತು.

"ಅಕ್ಟೋಬರಿನಲ್ಲಾ?" ಕೇಳಿದಳು ದಾರ್ತಾ.
"ಅಕ್ಟೋಬರಿನಲ್ಲಿ."
"ಮತ್ತೆ ಇದು, ಅಕ್ಟೋಬರಿನಲ್ಲಿ?"

ಕಂಬದ ಮೇಲಿನ ಗೂಡಿನಲ್ಲಿ ಕೊಕ್ಕರೆ ಕೊಕ್ಕು ಕುಟ್ಟುತ್ತಿತ್ತು.
ವಿಲ್ನಿಸ್ ಜೇಬಿನಲ್ಲಿ ಏನನ್ನೋ ಹುಡುಕಿದ.
"ಲೋಟ ತಿರುಗಿಸು ಹೋಗು," ಅಂದರು ಅತ್ತೆ.
"ಇನ್ನೂ ಮೊಳಕೆಯೇ ಬಂದಿಲ್ಲವಲ್ಲ, ಅಜ್ಜಿ."
"ತಿರುಗಿಸು."