ಪಟ್ಟಿಯ ಕೊನೆಯ ಹೆಸರು

ಸಕಲ ಸಂತರ ಹಬ್ಬದ ರಾತ್ರಿ
ಮಿಲ್ಲಿನ ಹಿಂದಿನ ಓಣಿಯಲ್ಲಿ ಕರೆಂಟಿಲ್ಲ.
ನಾಳೆ ಗೋರಿಗೆ ಹಚ್ಚಬೇಕಾದ ಮೇಣದಬತ್ತಿಯನ್ನೇ ಹಚ್ಚಿ
ಅವ್ವ ನನ್ನ ಕೈಲಿ ಪಟ್ಟಿ ಬರೆಸುತ್ತಿದ್ದಳು.

ಹೆಸರಿಗೆ ಐದು ರೂಪಾಯಿ.
ಚೌರಪ್ಪ, ನಿಮ್ಮ ತಾತ. ಬರಿ.
ಇನ್ನಾಸಮ್ಮ.
ಸಂತಿಯಾಗಪ್ಪ, ಕುಡಿದೇ ಸತ್ತ, ಆದ್ರೂ ಬರಿ.
ಹೆಸರಿಡೋಕೆ ಮೊದಲೇ ಹೋದ ನಿಮ್ಮಣ್ಣ,
ಬರೀ ಕೂಸು ಅಂತ ಬರಿ, ದೇವರಿಗೆ ಗೊತ್ತಾಗುತ್ತೆ.
ಆಮೇಲೆ ಸೆರಗಿನ ಗಂಟು ಬಿಚ್ಚಿ
ಇನ್ನೊಂದು ಐದರ ನೋಟು:
ಕೊಟ್ರಮ್ಮ.

ಜಪ ಕಲಿತ ಹೊಸ ಗರ್ವದಲ್ಲಿ ಒಮ್ಮೆ ಕೇಳಿದ್ದೆ,
ಆಯಮ್ಮನ ಕೊರಳಲ್ಲಿ ಲಿಂಗ ಇತ್ತಲ್ಲವಾ?
ಅವ್ವ ತಲೆಯಿಂದ ಅರಳೆ ಹೆಕ್ಕುತ್ತಲೇ ಹೇಳಿದಳು,
ಅವಳದು ಮೊದಲ ಪಾಳಿ, ನಂದು ಎರಡನೇದು.
ಹೊತ್ತು ಮುಳುಗಿದ ಮೇಲೆ ನಿನಗೆ ಹಾಲು
ಯಾರದು ಅಂತ ತಿಳ್ಕಂಡಿದೀಯ?

ಬೆಳಗ್ಗೆ ಪೂಜೆಯಲ್ಲಿ
ಕರಾವಳಿ ಕಡೆಯ ಹೊಸ ಸ್ವಾಮಿಗಳು
ಆ ಹೆಸರಿನ ಹತ್ತಿರ ತಡವರಿಸಿ, ಕನ್ನಡಕ ಸರಿಮಾಡಿಕೊಂಡು
'ಕತ್ರೀನಮ್ಮ' ಎಂದು ಓದಿದರು.
ಮುಂದಿನ ಬೆಂಚಿಂದ ಅವ್ವ, ಇಡೀ ದೇವಾಲಯಕ್ಕೆ ಕೇಳುವಂತೆ:
ಕತ್ರೀನ ಅಲ್ಲ ಸ್ವಾಮಿ, ಕೊಟ್ರಮ್ಮ.
ಯಾರೋ ಕಿಸಕ್ಕೆಂದರು.
ಸ್ವಾಮಿಗಳು ಇನ್ನೊಮ್ಮೆ ಓದಿದರು.
ನಿತ್ಯ ವಿಶ್ರಾಂತಿ ದಯಪಾಲಿಸು ಎಂದೆವು ಎಲ್ಲರೂ.

ಸಂಜೆ ಸಮಾಧಿಗೆ ಹೋಗುವ ದಾರಿ ತುಂಬ
ಒಣಹಾಕಿದ ಮೆಕ್ಕೆಜೋಳ.
ಚಪ್ಪಲಿ ಕೈಲಿ ಹಿಡಿದು ಅಂಚಿನಲ್ಲೇ ನಡೆದೆವು.
ಹಸಿ ಸುಣ್ಣದ ಶಿಲುಬೆಗಳು, ಮುಟ್ಟಿದರೆ ಬೆರಳೆಲ್ಲ ಬಿಳಿ.
ದೀಪಾವಳಿಗೆ ಮಾರದೆ ಉಳಿದ ಚೆಂಡುಹೂವು
ಅರ್ಧ ರೇಟಿಗೆ.
ಒಂದು ಬತ್ತಿ ಮಾತ್ರ ಅವ್ವ
ಯಾವ ಗೋರಿಯೂ ಇಲ್ಲದ ಗೋಡೆಯ ಮಗ್ಗುಲಿಗೆ ನೆಟ್ಟಳು.
ಅಲ್ಲಿಂದ ಮಿಲ್ಲಿನ ಚಿಮಣಿ ಕಾಣುತ್ತದೆ.

ಅವರಲ್ಲಿ ಕೂರಿಸಿ ಮಣ್ಣು ಮಾಡ್ತಾರಂತೆ ಅವ್ವ,
ಮಲಗಿಸೋದಿಲ್ಲವಂತೆ, ಎಂದೆ.
ಅವ್ವ ಗಾಳಿಗೆ ಕೈ ಅಡ್ಡ ಹಿಡಿದಿದ್ದಳು.
ಮೂವತ್ತು ವರ್ಷ ಮಗ್ಗದ ಮುಂದೆ ನಿಂತೋಳು.
ಕೂತ್ಕಳ್ಲಿ ಬಿಡು.

ಈ ವರ್ಷ ಹೆಸರಿಗೆ ಐವತ್ತು.
ಚಿಮಣಿ ಇದೆ, ಮಿಲ್ಲಿಲ್ಲ.
ಪಟ್ಟಿಯನ್ನು ನಾನೊಬ್ಬಳೇ ಬರೆದೆ:
ಅದೇ ತಾತ, ಅದೇ ಕುಡುಕ, ಅದೇ ಕೂಸು.
ಲೂರ್ದಮ್ಮ ಎಂದು ಬರೆಯುವಾಗ
ಪೆನ್ನು ಹಿಡಿಯಲಿಲ್ಲ, ಕಾಗದದ ಅಂಚಿಗೆ ಗೀಚಿ ನೋಡಿದೆ.
ಅವ್ವನ ಕೆಳಗೆ, ಎಂದಿನಂತೆ ಕೊನೆಗೆ, ಕೊಟ್ರಮ್ಮ.

ಮತ್ತೊಬ್ಬ ಹೊಸ ಸ್ವಾಮಿ.
ಹುಡುಗನಂತಿದ್ದಾರೆ, ಯಾವ ಊರಿನವರೋ.
ಹೆಸರು ಹತ್ತಿರ ಬರುತ್ತಿದ್ದಂತೆ
ತಿದ್ದಲೆಂದು ಮುಂಚೆಯೇ ಎದ್ದು ನಿಂತೆ.

ಸರಿಯಾಗೇ ಓದಿದರು.
ಜನ ತಿರುಗಿ ನೋಡುತ್ತಿದ್ದರು.
ಏನೂ ತೋಚದೆ
ನಿಂತೇ ಇದ್ದೆ.